ಪೈಶುನ್ಯ: ಶಬ್ದಾರ್ಥ ಮತ್ತು ವ್ರತದೋಷ

ಲೋಕದಲ್ಲಿ ಚಾಡಿ, ಕೊಂಡೆಯ ಎನ್ನುವುದಕ್ಕೆ ಶಾಸ್ತ್ರದಲ್ಲಿ ಪೈಶುನ್ಯವೆಂದು ಹೆಸರು. ಪಿಶುನನ ಭಾವವೇ ಪೈಶುನ್ಯ. ಪ್ರಾಕೃತದಲ್ಲಿ ಪೇಸುಣ್ಣ, ಕನ್ನಡದ ತದ್ಭವ ಪಿಸುಣ. ಕಿವಿಗೆ ಹೋಲಿಕೆ ತೋರಿದರೂ ನಮ್ಮ ಪಿಸುಮಾತಿಗೂ ಇದಕ್ಕೂ ನಂಟಿಲ್ಲ. ಅದು ಧ್ವನ್ಯನುಕರಣದಿಂದಾದ ಅಚ್ಚಗನ್ನಡ ನುಡಿ. ಪಿಶುನವಾದರೋ ಋಗ್ವೇದದಷ್ಟು ಹಳೆಯ ಶಬ್ದ. ವೈಯಾಕರಣರು ಇದನ್ನು ‘ಪಿಶ್’ ಧಾತುವಿನಿಂದ ಸಾಧಿಸುತ್ತಾರೆ. ಸಂಸ್ಕೃತ ಕಾವ್ಯಗಳಲ್ಲಿ ಇದು ‘ಸೂಚಿಸುವ’ ಎಂಬಷ್ಟೇ ಅರ್ಥದಲ್ಲಿಯೂ ಬರುತ್ತದೆ. ಅಮರಕೋಶದಲ್ಲಿ ಕುಂಕುಮಕೇಸರಿಗೂ ಈ ಹೆಸರುಂಟು!

ಹಾಗಾದರೆ ಪೈಶುನ್ಯವು ಸುಳ್ಳೇ ಆಗಿರಬೇಕೆ? ಬೇಕಿಲ್ಲ. “ಇದ್ದುದನ್ನೇ ಆಡಿದೆ” ಎಂದು ಗೃಹಸ್ಥರು ಸಮಾಧಾನಪಟ್ಟುಕೊಳ್ಳುವುದು ಇಲ್ಲಿಯೇ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಪೈಶುನ್ಯವನ್ನು ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಎಣಿಸಿದ್ದಾರೆ. ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂದು ಆ ವ್ರತದ ಲಕ್ಷಣದಲ್ಲಿಯೇ ಹೇಳಿದ್ದಾರೆ. ತತ್ತ್ವಾರ್ಥಸೂತ್ರದ 7ನೆಯ ಅಧ್ಯಾಯದಲ್ಲಿ ಈ ಅತಿಚಾರಗಳ ನಡುವೆ ಪೈಶುನ್ಯವೆಂಬ ಶಬ್ದವಿಲ್ಲ, ಸಾಕಾರಮಂತ್ರಭೇದವೆಂದಿದೆ. ಎರಡೂ ಒಂದೇ ಎಂಬುದು ರತ್ನಕರಂಡಕದ ಟೀಕಾಕಾರರಾದ ಪ್ರಭಾಚಂದ್ರರ ಅಭಿಪ್ರಾಯ. ಸರ್ವಾರ್ಥಸಿದ್ಧಿಯಲ್ಲಿ ಪೂಜ್ಯಪಾದರ ವಿವರಣೆ ಬಹಳ ಸೂಕ್ಷ್ಮವಾದುದು: ಸಂದರ್ಭದಿಂದಲೋ ಅಂಗವಿಕಾರದಿಂದಲೋ ಹುಬ್ಬಿನ ಚಲನೆಯಿಂದಲೋ ಪರರ ಅಂತರಂಗವನ್ನರಿತು, ಅಸೂಯೆಯಿಂದ ಅದನ್ನು ಹೊರಗೆಡಹುವುದು. ಅರಿತದ್ದು ನಿಜವೇ ಇರಬಹುದು. ಅದನ್ನು ಆಡಿಸಿದ ಅಸೂಯೆಯೇ ದೋಷ.

ಕುಂದಕುಂದಾಚಾರ್ಯರು ನಿಯಮಸಾರದಲ್ಲಿ ಭಾಷಾಸಮಿತಿಯನ್ನು ಹೇಳುವಾಗ ಬಿಡಬೇಕಾದ ಮಾತುಗಳಲ್ಲಿ ಪೈಶುನ್ಯವನ್ನೇ ಮೊದಲಿಗೆ ಇಟ್ಟಿದ್ದಾರೆ. ಕಿವಿಯೂದುವವನ ಬಾಯಿಂದ ಹೊರಟು ಅರಸನ ಕಿವಿಯನ್ನು ಸೇರಿ, ಒಬ್ಬ ಪುರುಷನಿಗೋ ಒಂದು ಕುಟುಂಬಕ್ಕೋ ಒಂದು ಗ್ರಾಮಕ್ಕೋ ಮಹಾವಿಪತ್ತನ್ನು ತರುವ ಮಾತು ಎಂದು ಪದ್ಮಪ್ರಭಮಲಧಾರಿದೇವರು ಅದನ್ನು ವ್ಯಾಖ್ಯಾನಿಸಿದ್ದಾರೆ. ಇಂದು ಅರಸರಿಲ್ಲ, ಆದರೆ ಮನೆಮನೆಯಲ್ಲಿಯೂ ಅತ್ತೆಯ ಕಿವಿಯುಂಟು.

ಅನಂತಚತುರ್ದಶಿಯಂದು ನಿರ್ಜಲ ಉಪವಾಸವನ್ನು ಕೈಗೊಂಡ ಸೊಸೆಯೊಬ್ಬಳು ನಡುಹಗಲಿನಲ್ಲಿ ಬಳಲಿ ಗುಟುಕು ನೀರು ಕುಡಿದುದನ್ನು ನಾದಿನಿ ಕಂಡಳೆನ್ನೋಣ. ಸಂಜೆ ಬಸದಿಯ ಜಗಲಿಯಲ್ಲಿ ಅವಳು ಅದನ್ನು ತಾಯಿಯ ಕಿವಿಯಲ್ಲಿ ಉಸುರಿದರೆ ಒಂದಕ್ಷರವೂ ಸುಳ್ಳಲ್ಲ. ಆದರೂ ಅವಳ ಸತ್ಯವ್ರತಕ್ಕೆ ಅತಿಚಾರ ತಗುಲಿತು. ವ್ರತ ಕೆಟ್ಟುದು ಸೊಸೆಯೊಬ್ಬಳದಷ್ಟೇ ಅಲ್ಲ. ಹಾಗೆಂದು ಕಂಡೂ ಕಾಣದಂತೆ ಸುಮ್ಮನಿರಬೇಕೆಂದು ಶಾಸ್ತ್ರವು ಹೇಳುವುದಿಲ್ಲ. ನಾಲ್ವರ ಮುಂದೆ ದೋಷವನ್ನು ಎತ್ತದಿರುವುದು ಉಪಗೂಹನ. ಬಳಿಕ ಒಳಗೆ ಕರೆದು, “ಅತ್ತಿಗೆ, ನಾಳೆ ಗುರುಗಳಲ್ಲಿ ನಿವೇದಿಸಿ ಪ್ರಾಯಶ್ಚಿತ್ತ ಕೇಳೋಣ, ನಾನೂ ಬರುತ್ತೇನೆ” ಎಂದರೆ ಅದು ಸ್ಥಿತೀಕರಣ.