ಬೆವರಿನ ಅಂಗಿ ಕೂಡಿಡುವವನಿಗೆ

ತಮ್ಮಾ, ಆಟಗಾರರು ಮೈದಾನದಲ್ಲಿ ತೊಟ್ಟ ಹಳೇ ಜೆರ್ಸಿಗಳನ್ನು ಕೂಡಿಡಲು ಹೊರಟಿದ್ದೀಯ ಎಂದು ಕೇಳಿ ಖುಷಿಯಾಯಿತು. ದುಡ್ಡು ಬಿಚ್ಚುವ ಮುಂಚೆ ಇಷ್ಟು ತಿಳಿದಿರಲಿ: ಸಾಕ್ಷಿಯಿಲ್ಲದ ಜೆರ್ಸಿಗೆ ಬರೀ ಬಟ್ಟೆಯ ಬೆಲೆ. ಅಮೆರಿಕದ ಬೇಸ್‌ಬಾಲ್ ಆಟಗಾರ ಬೇಬ್ ರುತ್ 1932ರ ವರ್ಲ್ಡ್ ಸೀರೀಸ್‌ನಲ್ಲಿ ತೊಟ್ಟ ಅಂಗಿ 2024ರ ಹರಾಜಿನಲ್ಲಿ 2.4 ಕೋಟಿ ಡಾಲರ್ ದಾಟಿತು. ಅಂದಿನ ಫೋಟೊಗಳೊಂದಿಗೆ ಅದನ್ನು ಮೊದಲೇ ತಾಳೆ ಹಾಕಿ ನೋಡಿದ್ದರು.

ನಮ್ಮ ಕ್ರಿಕೆಟ್‌ನಲ್ಲಿ ಇಸವಿಗಳೇ ಅರ್ಧ ಮೋಸ ಹಿಡಿದುಕೊಡುತ್ತವೆ. 1983ರ ವಿಶ್ವಕಪ್ ಆಡಿದ್ದು ಬಿಳಿ ಉಡುಪಿನಲ್ಲಿ. ವಿಶ್ವಕಪ್‌ಗೆ ಬಣ್ಣದ ಅಂಗಿ, ಬೆನ್ನ ಮೇಲೆ ಹೆಸರು ಬಂದದ್ದು 1992ಕ್ಕೆ, ನಂಬರ್ 1999ಕ್ಕೆ. ಟೆಸ್ಟ್ ಅಂಗಿಗೆ ಹೆಸರು, ನಂಬರ್ ಎರಡೂ 2019ರಲ್ಲಿ. ಕಪಿಲ್ ದೇವ್ 1983ರ ಫೈನಲ್‌ನಲ್ಲಿ ತೊಟ್ಟ ನೀಲಿ ಜೆರ್ಸಿ ಎಂದು ಯಾರಾದರೂ ತಂದರೆ ಕೈಮುಗಿದು ಕಳಿಸು.

ಸ್ಪಿನ್ನರ್ ಎರಪಳ್ಳಿ ಪ್ರಸನ್ನರ ನಾಯಕತ್ವದಲ್ಲಿ ಕರ್ನಾಟಕ 1974ರಲ್ಲಿ ಮೊದಲ ಸಲ ರಣಜಿ ಟ್ರೋಫಿ ಗೆದ್ದ ಕಾಲದ ಬಿಳಿ ಅಂಗಿಗಳ ವಿಷಯ ಇನ್ನೂ ಕಷ್ಟ. ಹೆಸರಿಲ್ಲ, ನಂಬರಿಲ್ಲ. ಅಂಥದ್ದು ಸಿಕ್ಕರೆ ಕಾಲರಿನ ಒಳಮಗ್ಗುಲು ತಿರುಗಿಸು. ದರ್ಜಿಯ ಚೀಟಿ, ಕರಿಗೇರು ಬೀಜದ ರಸದಲ್ಲಿ ಅಗಸರು ಹಾಕಿದ ಗುರುತು ಸಿಕ್ಕೀತು. ಆದರೂ ಆಟಗಾರನ ಮನೆಯವರ ಕೈಬರಹದ ಪತ್ರ ಜೊತೆಗಿರಲೇಬೇಕು. ಹೊಸ ಸಹಿಯನ್ನು ನಂಬಿ ಕೊಳ್ಳಬೇಡ. ತೊಡದ ಅಂಗಿಗೂ ಸಹಿ ಹಾಕುತ್ತಾರೆ.

ಹೊಲಿಗೆ ಓದಲು ಕಲಿ. ಅದಕ್ಕೆ ದೂರ ಹೋಗಬೇಕಿಲ್ಲ, ಸಂಡೂರು ಕುಶಲ ಕಲಾ ಕೇಂದ್ರದಲ್ಲಿ ಕಸೂತಿ ಹಾಕುವ ಲಂಬಾಣಿ ಹೆಣ್ಣುಮಕ್ಕಳ ಹತ್ತಿರ ಕೂತು ಕೇಳು. ನಂಬರನ್ನು ಬಿಚ್ಚಿ ಮತ್ತೆ ಹೊಲಿದಿದ್ದರೆ ಹಳೇ ಸೂಜಿಯ ತೂತುಗಳು ಸಾಲಾಗಿ ಉಳಿದಿರುತ್ತವೆ. ಆಡಿ ಸವೆದ ಬಟ್ಟೆ ಕಂಕುಳು, ಮೊಣಕೈಗಳಲ್ಲಿ ತೆಳುವಾಗಿರುತ್ತದೆ. ಉಜ್ಜುಕಾಗದ ತಿಕ್ಕಿದ್ದು ಎಲ್ಲ ಕಡೆಯೂ ಒಂದೇ ಸಮ ಸವೆದಿರುತ್ತದೆ.

ಇನ್ನು ನಮ್ಮೂರಿನ ಕೆಂಧೂಳು. ಕಬ್ಬಿಣದ ಗಣಿಯ ಊರಾದ ದೋಣಿಮಲೈ ಮೈದಾನದಲ್ಲಿ ಡೈವ್ ಹೊಡೆದವನ ಎದೆಗೆ ಮೆತ್ತಿದ ಅದಿರಿನ ಧೂಳೂ ಸಾಕ್ಷಿಯೇ, ತೊಳೆಯಬೇಡ. ಕಿಟಕಿಯಿಂದ ಬಂದು ಬೀರುವಿನಲ್ಲಿ ಕೂರುವ ಧೂಳು ಮಾತ್ರ ಬೇಡ. ಅದನ್ನು ಮೆತ್ತನೆಯ ಬ್ರಷ್‌ನಲ್ಲಿ ಒಣದಾಗಿಯೇ ಕೊಡವು. ನೀರು ಮುಟ್ಟಿಸಿದರೆ ಎಳೆಯೊಳಗೆ ಇಳಿದು ಕೂರುತ್ತದೆ. ಪ್ಲಾಸ್ಟಿಕ್ ಕವರ್ ಬೇಡ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಗಂಜಿ ಹಾಕದ ಹಳೇ ಪಂಚೆಯಲ್ಲಿ ಸುತ್ತು. ಬಳ್ಳಾರಿ ಸೀಮೆಯ ಬೇಸಿಗೆಗೆ ರಬ್ಬರ್ ನಂಬರುಗಳು ಒಂದಕ್ಕೊಂದು ಅಂಟುತ್ತವೆ, ಮಡಿಕೆಯ ನಡುವೆ ಬಟ್ಟೆ ಇಡು.

ದೊಡ್ಡ ಹೆಸರುಗಳ ಹಿಂದೆ ಈಗಲೇ ಓಡಬೇಡ. ದೋಣಿಮಲೈಯಲ್ಲಿ ಸರ್ಕಾರಿ ಕಂಪನಿ ಎನ್‌ಎಂಡಿಸಿಯ ಗಣಿಯಲ್ಲಿ ದುಡಿದು ಸಂಜೆ ಆಡಿ ನಿವೃತ್ತರಾದವರ ಟ್ರಂಕುಗಳಿಂದ ಶುರುಮಾಡು. ಅವರು ಹೇಳುವಾಗಲೇ ಪಂದ್ಯ, ಎದುರಾಳಿ, ಇಸವಿ ಬರೆದು ಸಹಿ ಹಾಕಿಸಿಕೋ. ಅಂಗಿ ಕೊಟ್ಟಮೇಲೆ ಮನಸ್ಸು ತಡೆಯದೆ ವಾಪಸ್ ಕೇಳಿದರೆ ಮರುಮಾತಾಡದೆ ಕೊಟ್ಟುಬಿಡು, ಆ ಬರಹದ ನಕಲೊಂದನ್ನು ನಿನ್ನಲ್ಲಿ ಇಟ್ಟುಕೋ.