ದೂರದಿಂದ ಕೊಡುವ ದೇಣಿಗೆ: 2018ರ ಕೊಡಗು ಕಲಿಸಿದ್ದು

ವಿದೇಶದಲ್ಲಿರುವ ಕನ್ನಡಿಗರು ಊರಿನ ನೆರೆ ಪರಿಹಾರಕ್ಕೆ ಹಣ ಕಳಿಸುವಾಗ, ಎಷ್ಟು ಕೊಡಬೇಕು ಎಂಬುದಕ್ಕಿಂತ ಮೊದಲು ನೋಡಬೇಕಾದದ್ದು ಕೈಯಲ್ಲಿರುವ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದನ್ನು. ಭಾರತದ ಪಾಸ್‌ಪೋರ್ಟ್ ಉಳಿಸಿಕೊಂಡ ಅನಿವಾಸಿ ತನ್ನ ಸ್ವಂತ ಉಳಿತಾಯದಿಂದ, ಬ್ಯಾಂಕಿನ ಮೂಲಕ ಕಳಿಸಿದ ಹಣವನ್ನು ಕಾನೂನು ವಿದೇಶಿ ದೇಣಿಗೆ ಎಂದು ಎಣಿಸುವುದಿಲ್ಲ. ಅದೇ ಮನೆಯಲ್ಲಿ ಹೆಂಡತಿ ಅಮೆರಿಕದ ಪೌರತ್ವ ಪಡೆದು ಒಸಿಐ ಕಾರ್ಡ್ ಇಟ್ಟುಕೊಂಡಿದ್ದರೆ ಆಕೆ ಕೊಡುವ ನೂರು ಡಾಲರ್ ವಿದೇಶಿ ದೇಣಿಗೆಯಾಗುತ್ತದೆ. 2010ರ ವಿದೇಶಿ ದೇಣಿಗೆ (ನಿಯಂತ್ರಣ) ಕಾಯ್ದೆ, ಅಂದರೆ ಎಲ್ಲರೂ ಎಫ್‌ಸಿಆರ್‌ಎ ಎನ್ನುವ ಕಾಯ್ದೆಯಡಿ ನೋಂದಣಿಯೋ ಮುಂಚಿತ ಅನುಮತಿಯೋ ಇಲ್ಲದ ಸ್ವಯಂಸೇವಾ ಸಂಸ್ಥೆ ಅದನ್ನು ಮುಟ್ಟುವಂತಿಲ್ಲ. ಕನ್ನಡ ಕೂಟಗಳು ಎತ್ತಿದ ಚಂದಾಕ್ಕೂ ಇದೇ ನಿಯಮ. ಕೂಟದ ಸದಸ್ಯರೆಲ್ಲ ಭಾರತೀಯರೇ ಆಗಿದ್ದರೂ ಕೂಟ ಆ ದೇಶದ ಸಂಸ್ಥೆ.

ಈ ಲೇಖಕನಿಗೆ ಇದು ತಿಳಿದದ್ದು ತಪ್ಪು ಮಾಡಿದ ಮೇಲೆ. 2018ರ ಆಗಸ್ಟ್ ಮಧ್ಯದಲ್ಲಿ ಕೊಡಗಿನಲ್ಲಿ ಗುಡ್ಡಗಳು ಜರಿದವು. ಜೋಡುಪಾಲ, ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು ಕಡೆಗಳಲ್ಲಿ ಮನೆ, ರಸ್ತೆ, ಕಾಫಿ ತೋಟ ಒಟ್ಟಿಗೇ ಕೆಳಗಿಳಿದವು. ಅದೇ ದಿನಗಳಲ್ಲಿ ಕೇರಳವೂ ಮುಳುಗಿತ್ತು. ಅಮೆರಿಕದ ಒಂದು ಊರಿನ ಕನ್ನಡ ಕೂಟದಲ್ಲಿ ಸಂಗ್ರಹದ ಹೊಣೆ ಈ ಲೇಖಕನ ಮೇಲೆ ಬಿತ್ತು. ಒಂದೇ ವಾರದಲ್ಲಿ ಅವನ ಗ್ಯಾರೇಜಿನ ತುಂಬ ಸ್ವೆಟರ್, ಕಂಬಳಿ, ಮಕ್ಕಳ ಬೂಟುಗಳ ಪೆಟ್ಟಿಗೆಗಳು ಬಂದು ಕೂತವು. ಪ್ರತಿ ಪೆಟ್ಟಿಗೆಯ ಮೇಲೂ ಮಾರ್ಕರಿನಲ್ಲಿ ದಪ್ಪಕ್ಷರದಲ್ಲಿ ‘ಕೊಡಗು’ ಎಂದು ಬರೆದಿತ್ತು. ಸಾಗಣೆಯವರು ಹೇಳಿದ ದರದಲ್ಲಿ ಮೈಸೂರಿನ ಅಂಗಡಿಯಲ್ಲಿ ಅದಕ್ಕಿಂತ ಹೆಚ್ಚು ಹೊಸ ಕಂಬಳಿಗಳೇ ಸಿಗುತ್ತಿದ್ದವು. ಮಡಿಕೇರಿಯ ಪರಿಹಾರ ಕೇಂದ್ರವೊಂದರಲ್ಲಿ ಕೆಲಸ ಮಾಡುತ್ತಿದ್ದ ಮೇಷ್ಟ್ರೊಬ್ಬರು ಫೋನಿನಲ್ಲಿ ಹೇಳಿದರು: “ಬಟ್ಟೆ ಸಾಕು ಸರ್, ಇಡಲಿಕ್ಕೆ ಜಾಗ ಇಲ್ಲ. ಮಕ್ಕಳ ಮಾರ್ಕ್ಸ್ ಕಾರ್ಡು, ಮನೆ ಪತ್ರ ಎಲ್ಲ ಮಣ್ಣಲ್ಲಿ ಹೋಗಿದೆ. ಅದಕ್ಕೆ ಏನಾದರೂ ಮಾಡಲಿಕ್ಕೆ ಆಗ್ತದಾ ನೋಡಿ.” ಪೆಟ್ಟಿಗೆಗಳು ಆ ಊರಿನಲ್ಲೇ ಇದ್ದ ನಿರ್ಗತಿಕರ ಆಶ್ರಯಧಾಮಕ್ಕೆ ಹೋದವು. ವಸ್ತು ಕೊಟ್ಟವರ ಪ್ರೀತಿ ನಿಜವಾದದ್ದು. ಆದರೆ ಸಾವಿರಾರು ಮೈಲಿ ದಾಟಿಸಿ ವಸ್ತು ಕಳಿಸುವುದು ಸರಿಯಾದ ದಾರಿಯಲ್ಲ.

ಹಣದ ವಿಷಯದಲ್ಲಿ ಆದ ತಪ್ಪು ಇನ್ನೂ ದೊಡ್ಡದು. ಕೂಟದ ಹಣ ಸ್ಥಳೀಯ ಟ್ರಸ್ಟ್ ಒಂದರ ಖಾತೆಗೆ ಹೋಯಿತು. ಕೆಲಸ ಮಾಡುವ ಟ್ರಸ್ಟ್ ಅದು, ಅದರ ಜನರೂ ಪ್ರಾಮಾಣಿಕರು. ಆದರೆ ಅದಕ್ಕೆ ಎಫ್‌ಸಿಆರ್‌ಎ ನೋಂದಣಿ ಇರಲಿಲ್ಲ. ಕೆಲವು ವಾರಗಳ ಮೇಲೆ ಹಣ ಹಿಂದಕ್ಕೆ ಬಂತು, ಎರಡೂ ಕಡೆಯ ಬ್ಯಾಂಕ್ ಶುಲ್ಕ ಮತ್ತು ವಿನಿಮಯದ ವ್ಯತ್ಯಾಸ ಕಳೆದು. ಸಂತ್ರಸ್ತರಿಗೆ ಸೇರಬೇಕಾದ ಹಣ ಹೀಗೆ ಸೋರಿಹೋದದ್ದು ಬಹಳ ದಿನ ಮನಸ್ಸನ್ನು ಕೊರೆಯಿತು. ಹಾಗಾಗಿ ದೇಣಿಗೆಗೆ ಮೊದಲೇ ಸಂಸ್ಥೆಯ ನೋಂದಣಿ ಸಂಖ್ಯೆಯನ್ನೂ ಅದು ಚಾಲ್ತಿಯಲ್ಲಿದೆಯೇ ಎಂಬುದನ್ನೂ ಕೇಳಬೇಕು. ನೋಂದಣಿಯ ಅವಧಿ ಐದು ವರ್ಷ, ಆಮೇಲೆ ನವೀಕರಿಸಬೇಕು. ಹೀಗೆ ಕೇಳುವುದರಲ್ಲಿ ಅವಮರ್ಯಾದೆ ಏನಿಲ್ಲ. ಒಳ್ಳೆಯ ಸಂಸ್ಥೆಗಳು ಕೇಳುವ ಮೊದಲೇ ಹೇಳುತ್ತವೆ.

2020ರ ತಿದ್ದುಪಡಿ ಈ ದಾರಿಯನ್ನು ಮತ್ತಷ್ಟು ಕಿರಿದಾಗಿಸಿದೆ. ವಿದೇಶಿ ದೇಣಿಗೆ ಈಗ ಮೊದಲು ಬಂದು ಬೀಳಬೇಕಾದದ್ದು ಸ್ಟೇಟ್ ಬ್ಯಾಂಕಿನ ನವದೆಹಲಿ ಮುಖ್ಯ ಶಾಖೆಯಲ್ಲಿರುವ ಖಾತೆಗೆ. ಆಡಳಿತ ವೆಚ್ಚದ ಮಿತಿ ಶೇ. 50ರಿಂದ 20ಕ್ಕೆ ಇಳಿದಿದೆ. ಎಲ್ಲಕ್ಕಿಂತ ಮುಖ್ಯವಾಗಿ, ನೋಂದಣಿ ಇರುವ ದೊಡ್ಡ ಸಂಸ್ಥೆ ತಾನು ಪಡೆದ ವಿದೇಶಿ ಹಣವನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ. ಬೆಂಗಳೂರಿನ ಸಂಸ್ಥೆಗೆ ಕೊಟ್ಟರೆ ಅದು ಹಳ್ಳಿಯ ಯುವಕ ಸಂಘಕ್ಕೆ ತಲುಪಿಸುತ್ತದೆ ಎಂಬ ಹಳೆಯ ಲೆಕ್ಕ ಈಗ ನಡೆಯುವುದಿಲ್ಲ. ಆ ಜಾಗದಲ್ಲಿ ನೇರವಾಗಿ ಕೆಲಸ ಮಾಡುವ, ನೋಂದಣಿಯೂ ಇರುವ ಸಂಸ್ಥೆಯನ್ನೇ ಹುಡುಕಬೇಕು. ಸಿಗದಿದ್ದರೆ ಪ್ರಧಾನಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ ಇದೆ. 1948ರಲ್ಲಿ ಸ್ಥಾಪನೆಯಾದ ಈ ನಿಧಿ ವಿದೇಶಿ ಪೌರರ ಹಣವನ್ನೂ ಪಡೆಯುತ್ತದೆ. ಭಾರತದ ಪಾಸ್‌ಪೋರ್ಟ್ ಇರುವವರು ಎನ್‌ಆರ್‌ಇ ಅಥವಾ ಎನ್‌ಆರ್‌ಒ ಖಾತೆಯಿಂದ ಮುಖ್ಯಮಂತ್ರಿಗಳ ಪರಿಹಾರ ನಿಧಿಗೆ ಕಳಿಸಬಹುದು. ಚಂದಾ ಎತ್ತಿದ ಹಣವನ್ನು ಊರಿನ ನೆಂಟರ ಖಾತೆಗೆ ಹಾಕಿ ಹಂಚಿಸುವ ರೂಢಿ ಇದೆ. ಅದನ್ನು ಬಿಡಬೇಕು, ಲೆಕ್ಕ ಕೇಳುವ ದಿನ ಬಂದರೆ ಸಿಕ್ಕಿಕೊಳ್ಳುವುದು ಆ ನೆಂಟರೇ.

ತೆರಿಗೆಯ ಮಾತು ಚಿಕ್ಕದು. 80ಜಿ ರಸೀದಿ ಉಪಯೋಗಕ್ಕೆ ಬರುವುದು ಭಾರತದಲ್ಲಿ ತೆರಿಗೆ ಕಟ್ಟುವವರಿಗೆ. ಅಮೆರಿಕದ ತೆರಿಗೆಯಲ್ಲಿ ವಿನಾಯಿತಿ ಬೇಕಾದರೆ ಅಲ್ಲಿನ ನೋಂದಾಯಿತ ದಾನಸಂಸ್ಥೆಗೆ ಕೊಡಬೇಕು. ಬ್ರಿಟನ್ನಿನಲ್ಲಿ ತೆರಿಗೆ ಕಟ್ಟುವವರು ಅಲ್ಲಿನ ಸಂಸ್ಥೆಗೆ ಗಿಫ್ಟ್ ಏಡ್ ಮೂಲಕ ಕೊಟ್ಟರೆ ಪ್ರತಿ ಪೌಂಡಿಗೆ 25 ಪೆನ್ಸ್ ಸರ್ಕಾರದಿಂದ ಸೇರುತ್ತದೆ.

ಇಷ್ಟೆಲ್ಲ ಸರಿಯಿದ್ದರೂ ಹಣ ಯಾವಾಗ ಕೊಡುವುದು ಎಂಬ ಪ್ರಶ್ನೆ ಉಳಿಯುತ್ತದೆ. ಟಿವಿಯಲ್ಲಿ ಚಿತ್ರಗಳು ಬರುತ್ತಿರುವ ಮೊದಲ ಹದಿನೈದು ದಿನ ಅಕ್ಕಿ, ಬೇಳೆ, ಬಿಸ್ಕತ್ತು ಎಲ್ಲ ಕಡೆಯಿಂದ ಬರುತ್ತವೆ. ಪರಿಹಾರ ಕೇಂದ್ರ ಮುಚ್ಚಿದ ಮೇಲೆ ಬಾಡಿಗೆ ಮನೆಯ ಮುಂಗಡ, ಬ್ಯಾಂಕಿನ ಸಾಲದ ಕಂತು, ಕಚೇರಿಗಳಿಗೆ ಅಲೆಯುವ ಬಸ್ ಖರ್ಚು ಶುರುವಾಗುತ್ತದೆ. ಕೊಡಗಿನ ಜಮ್ಮಾ ಭೂಮಿಯಲ್ಲಿ ದಾಖಲೆ ಇರುವುದು ಮನೆತನದ ಪಟ್ಟೇದಾರರ ಹೆಸರಿನಲ್ಲಿ. ತೋಟ ಕಳೆದುಕೊಂಡವರು ತಮ್ಮ ಪಾಲು ಇಂತಿಷ್ಟು ಎಂದು ತೋರಿಸುವುದೇ ಕಷ್ಟ. ಹೊಸದಾಗಿ ಕಾಫಿ ನೆಟ್ಟರೂ ಮೊದಲ ಫಸಲಿಗೆ ಮೂರು ನಾಲ್ಕು ವರ್ಷ ಬೇಕು, ಅದೂ ಮೇಲ್ಮಣ್ಣು ಉಳಿದಿದ್ದರೆ. ಜಂಬೂರು ಮತ್ತು ಮದೆನಾಡಿನಲ್ಲಿ ಸರ್ಕಾರ ಕಟ್ಟಿಸಿದ ಮನೆಗಳು ಸಂತ್ರಸ್ತರ ಕೈ ಸೇರಿದ್ದು 2020ರ ಜೂನ್‌ನಲ್ಲಿ, ಗುಡ್ಡ ಕುಸಿದು ಹೆಚ್ಚುಕಡಿಮೆ ಎರಡು ವರ್ಷಕ್ಕೆ. ಆ ಎರಡು ವರ್ಷ ಸುದ್ದಿಯಲ್ಲಿ ಇರುವುದಿಲ್ಲ.

ಆದ್ದರಿಂದ ದೂರದಲ್ಲಿರುವವರು ಕೊಡಬೇಕೆಂದುಕೊಂಡ ಹಣದಲ್ಲಿ ಅರ್ಧವನ್ನು ಮುಂದಿನ ಜೂನ್‌ಗೆ ಎತ್ತಿಡಲಿ. ಹಿಂದಕ್ಕೆ ಬಂದ ಆ ಹಣ ಕೊನೆಗೆ ನೋಂದಣಿ ಇದ್ದ ಇನ್ನೊಂದು ಸಂಸ್ಥೆಯ ಮೂಲಕ, 2019ರ ಶಾಲೆ ಆರಂಭದ ಹೊತ್ತಿಗೆ, ಮನೆ ಕಳೆದುಕೊಂಡ ಕುಟುಂಬಗಳ ಹನ್ನೊಂದು ಮಕ್ಕಳ ಹಾಸ್ಟೆಲ್ ಶುಲ್ಕಕ್ಕೆ ಹೋಯಿತು.