ಕೀಲಿಕೈ ನಿನ್ನ ಹತ್ತಿರ ಇರಲಿ

ಮಗೂ, ಎಂಜಿನಿಯರಿಂಗ್ ಸೀಟು ಸಿಕ್ಕಿದ ಖುಷಿಯಲ್ಲಿ ಮೊನ್ನೆ ಹೊಸ ಲ್ಯಾಪ್‌ಟಾಪ್ ತಂದು ತೋರಿಸಿದೆ. ಚೆನ್ನಾಗಿದೆ, ಹಗುರವಾಗಿದೆ. ನಾನು ಅದನ್ನು ಬೋರಲು ಹಾಕಿ ಸ್ಕ್ರೂ ಹುಡುಕುವುದನ್ನು ನೋಡಿ ನೀನು ನಕ್ಕೆ. "ದೊಡ್ಡಪ್ಪ, ಬಿಚ್ಚಿದ್ರೂ ಪ್ರಯೋಜನ ಇಲ್ಲ, ರ‍್ಯಾಮ್ ಬೋರ್ಡಿಗೇ ಬೆಸುಗೆ ಹಾಕಿರ್ತಾರೆ" ಅಂದೆ. ಅವತ್ತು ಹೇಳಬೇಕೆಂದುಕೊಂಡದ್ದು ಊಟದ ಗಡಿಬಿಡಿಯಲ್ಲಿ ಉಳಿದುಹೋಯಿತು.

ನಾನು ಶಿವಮೊಗ್ಗದಲ್ಲಿ ಡಿಟಿಪಿ ಅಂಗಡಿ ಇಟ್ಟಿದ್ದಾಗ, ಕಂಪ್ಯೂಟರ್ ಆನ್ ಆಗದೆ ಬೀಪ್ ಬೀಪ್ ಎಂದು ಕೂಗಿಕೊಂಡರೆ ಮೊದಲ ಚಿಕಿತ್ಸೆ ಶಾಲೆ ಮಕ್ಕಳ ರಬ್ಬರು. ಪಕ್ಕದ ಮುಚ್ಚಳ ತೆಗೆದು, ರ‍್ಯಾಮ್ ಪಟ್ಟಿ ಹೊರಗೆಳೆದು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ಮೆಲ್ಲಗೆ ಉಜ್ಜುವುದು. ಮತ್ತೆ ಕೂರಿಸಿ ಎರಡೂ ಹೆಬ್ಬೆರಳಲ್ಲಿ ಒತ್ತಿದಾಗ ಬದಿಯ ಕೊಂಡಿಗಳು ಟಕ್ ಎಂದರೆ ಆಯಿತು. ನಿಂತಿದ್ದ ಲಗ್ನಪತ್ರಿಕೆ ಅದೇ ಸಂಜೆ ಅಚ್ಚಿಗೆ ಹೋಗುತ್ತಿತ್ತು. ಯಾರ ಅಪ್ಪಣೆಯನ್ನೂ ಕೇಳಬೇಕಿರಲಿಲ್ಲ.

ಈ ಸಲಿಗೆಗೆ ಒಂದು ಹಿನ್ನೆಲೆ ಇದೆ. 1981ರಲ್ಲಿ ಐಬಿಎಂ ತನ್ನ ಪಿಸಿಯನ್ನು ಮಾರುಕಟ್ಟೆಗೆ ಬಿಟ್ಟಾಗ ಸರ್ಕ್ಯೂಟ್ ನಕ್ಷೆ, ಬಯಾಸ್ ಪ್ರೋಗ್ರಾಮಿನ ಸಾಲುಗಳು ಎಲ್ಲವನ್ನೂ ಕೈಪಿಡಿಯಲ್ಲಿ ಅಚ್ಚು ಹಾಕಿತು. ಯಾರು ಬೇಕಾದರೂ ಅದಕ್ಕೆ ಕಾರ್ಡು ಮಾಡಬಹುದಿತ್ತು, ತಂತ್ರಾಂಶ ಬರೆಯಬಹುದಿತ್ತು. ಕನ್ನಡ ಒಳಗೆ ಬಂದದ್ದೂ ಆ ತೆರೆದ ಬಾಗಿಲಿಂದಲೇ. ಕೆ.ಪಿ. ರಾವ್ ನಮಗೊಂದು ಕೀಲಿಮಣೆ ವಿನ್ಯಾಸ ಕೊಟ್ಟರು. 1998ರಲ್ಲಿ ಶೇಷಾದ್ರಿವಾಸು 'ಬರಹ' ತಂತ್ರಾಂಶ ಕೊಟ್ಟರು. ಮೈಕ್ರೋಸಾಫ್ಟ್ ವಿಂಡೋಸ್ ಎಕ್ಸ್‌ಪಿಯಲ್ಲಿ ಕನ್ನಡ ಅಳವಡಿಸಿದ್ದು 2001ರಲ್ಲಿ. ಕಂಪನಿಯ ಮೊಹರಿಲ್ಲದ ತಂತ್ರಾಂಶ ಓಡಕೂಡದು ಎಂಬ ಕಟ್ಟಳೆ ಅಂದೇ ಇದ್ದಿದ್ದರೆ ನಮ್ಮ ಭಾಷೆ ಹೊಸ್ತಿಲಾಚೆ ಕಾಯುತ್ತಾ ನಿಂತಿರುತ್ತಿತ್ತು. ಇದನ್ನು ನೆನೆದಾಗ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ.

ಇನ್ನು ಬೀಗಗಳ ವಿಷಯ. 2012ರ ವಿಂಡೋಸ್ 8ರ ಜೊತೆ ಸೆಕ್ಯೂರ್ ಬೂಟ್ ಬಂತು: ಸಹಿ ಇಲ್ಲದ ಯಾವುದೂ ಯಂತ್ರ ಶುರುವಾಗುವಾಗ ಒಳಹೋಗುವಂತಿಲ್ಲ. ಮಾಮೂಲಿ ಪಿಸಿಗಳಲ್ಲಿ ಇದನ್ನು ಆರಿಸುವ ಗುಂಡಿ ಇರಲೇಬೇಕು ಎಂದು ಆಗ ನಿಯಮವಿತ್ತು. ವಿಂಡೋಸ್ 10ರ ಹೊತ್ತಿಗೆ ಅದು ತಯಾರಕರ ಇಷ್ಟಕ್ಕೆ ಬಿಟ್ಟ ವಿಷಯವಾಯಿತು. ಆಪಲ್ ಕಡೆ, 2019ರಿಂದ ಹೊರಗಿನ ಆ್ಯಪ್ ಮ್ಯಾಕ್‌ನಲ್ಲಿ ತಕರಾರಿಲ್ಲದೆ ತೆರೆಯಬೇಕಾದರೆ ಅದು ಮೊದಲು ಆಪಲ್‌ನ ತಪಾಸಣೆ ದಾಟಬೇಕು. ಬರೆದವನು ವರ್ಷಕ್ಕೆ 99 ಡಾಲರ್ ಕಟ್ಟಬೇಕು. ಬೆಂಗಳೂರಿನ ವಿದ್ಯಾರ್ಥಿಯೊಬ್ಬ ಕನ್ನಡದ ಪುಟ್ಟ ನಿಘಂಟು ಮಾಡಿ ಹಂಚಿದರೂ ಲೆಕ್ಕ ಅದೇ.

ಬೀಗವೇ ಕೆಟ್ಟದ್ದು ಎನ್ನುವ ಹಟ ನನಗಿಲ್ಲ. ಗಿರಾಕಿಯ ಪೆನ್‌ಡ್ರೈವಿನಿಂದ ವೈರಸ್ ಬಂದು ಒಂದು ಪುಸ್ತಕದ ಕೆಲಸವೆಲ್ಲ ಹೋದ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಮನೆಗೆ ಬೀಗ ಬೇಕು. ಆದರೆ ಕೀಲಿಕೈ ಮನೆಯವರ ಸೊಂಟದಲ್ಲಿರಬೇಕು, ಬಾಗಿಲು ಮಾಡಿಕೊಟ್ಟ ಬಡಗಿಯ ಹತ್ತಿರವಲ್ಲ.

ಹಾಗಾದರೆ ಮೇಜಿನ ಮೇಲಿನ ಕಂಪ್ಯೂಟರೂ ಫೋನಿನ ಹಾಗೆ ಪೂರ್ತಿ ಕಂಪನಿಯ ಕೈಗೆ ಹೋಗುತ್ತದೆಯೇ? ಒಂದೇ ಏಟಿಗೆ ಹೋಗಲಾರದು ಎಂದೇ ನನ್ನ ಲೆಕ್ಕ. ಮೈಕ್ರೋಸಾಫ್ಟ್ ಒಮ್ಮೆ ಕೈಹಾಕಿ ನೋಡಿತ್ತು. 2012ರಲ್ಲೇ ಬಂದ ವಿಂಡೋಸ್ ಆರ್‌ಟಿಯಲ್ಲಿ ಸೆಕ್ಯೂರ್ ಬೂಟ್ ಆರಿಸುವಂತಿರಲಿಲ್ಲ, ಹೊಸ ಆ್ಯಪ್ ಬೇಕೆಂದರೆ ಅದರದೇ ಅಂಗಡಿಯಿಂದ. ಹಳೆಯ ತಂತ್ರಾಂಶಗಳು ಓಡುವುದಿಲ್ಲ ಎಂದು ತಿಳಿದ ಜನ ಕೊಳ್ಳಲಿಲ್ಲ. ಮರುವರ್ಷ ಅದು ಓಡುತ್ತಿದ್ದ ಸರ್ಫೇಸ್ ಆರ್‌ಟಿ ಟ್ಯಾಬ್ಲೆಟ್‌ಗಳ ದಾಸ್ತಾನಿಗೆಂದು ಕಂಪನಿ 90 ಕೋಟಿ ಡಾಲರ್ ನಷ್ಟ ಬರೆದುಕೊಂಡಿತು. ಕೊಳ್ಳುವವರ 'ಬೇಡ'ಕ್ಕೆ ಅಷ್ಟು ಬಲವಿದೆ. ನನಗೆ ಭಯವಿರುವುದು ಮೆಲ್ಲಗೆ ಬರುವ ಅಭ್ಯಾಸದ ಬಗ್ಗೆ: ಪ್ರತಿ ಬಾರಿ ಓದದೆ 'ಒಪ್ಪಿದ್ದೇನೆ' ಒತ್ತುವ ಅಭ್ಯಾಸ.

ಅದಕ್ಕೇ ಹೇಳುತ್ತೇನೆ. ಇನ್ನೊಮ್ಮೆ ಕೊಳ್ಳುವಾಗ ಅಂಗಡಿಯವನನ್ನು ಕೇಳು: ರ‍್ಯಾಮ್, ಡಿಸ್ಕ್ ಬದಲಿಸಬಹುದೇ, ಬೇರೆ ಆಪರೇಟಿಂಗ್ ಸಿಸ್ಟಮ್ ಹಾಕಬಹುದೇ? ನಿನ್ನ ಹೊಸ ವಿಂಡೋಸ್ ಯಂತ್ರದ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ಹೋಗಿರಬಹುದು. ಅದನ್ನು ಬಿಡಿಸುವ 48 ಅಂಕಿಯ ಕೀಲಿ ಕಂಪನಿಯ ಖಾತೆಯಲ್ಲಿ ಕೂತಿರುತ್ತದೆ. ಇವತ್ತೇ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡು. ನಿನ್ನ ಕಡತಗಳ ಒಂದು ಪ್ರತಿ ನಿನ್ನ ಕೈಯಲ್ಲೇ ಇರುವ ಡಿಸ್ಕಿನಲ್ಲಿರಲಿ.

ನಮ್ಮ ಅಟ್ಟದ ಮೇಲೆ ಅಂಗಡಿಯ ಕೊನೆಯ ಕಂಪ್ಯೂಟರ್ ಇದೆ. ಟಿಪಿಎಂ 2.0 ಚಿಪ್ ಇಲ್ಲವೆಂದು ವಿಂಡೋಸ್ 11 ಅದನ್ನು ಒಪ್ಪುವುದಿಲ್ಲ. ವಿಂಡೋಸ್ 10ಕ್ಕೆ ಕೊಡುತ್ತಿದ್ದ ಆಸರೆ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ಮಾತ್ರ ಗಟ್ಟಿಯಾಗಿದೆ, ಲಿನಕ್ಸ್ ಹಾಕಿದರೆ ಇನ್ನೂ ಐದಾರು ವರ್ಷ ದುಡಿಯುತ್ತದೆ. ದಸರಾ ರಜೆಗೆ ಬಾ, ಇಬ್ಬರೂ ಸೇರಿ ಇಳಿಸೋಣ. ಮುಚ್ಚಳವನ್ನು ನೀನೇ ಬಿಚ್ಚು. ರಬ್ಬರು ತಂದಿಟ್ಟಿದ್ದೇನೆ.